ಕಾರು ಕುಟ್ಟುತ್ತಿದೆ ಎಂದು ನಾನೇ ಹೇಳಿದ್ದು

ಸಿಂಧನೂರು ಬಿಟ್ಟು ಮಸ್ಕಿ ರಸ್ತೆ ಹಿಡಿದು, ಭತ್ತದ ಗದ್ದೆಗಳು ಮುಗಿದು ಜೋಳ, ತೊಗರಿಯ ಹೊಲಗಳು ಕಾಣತೊಡಗಿದ ಮೇಲೆ ಒಂದು ಬೆಳಗ್ಗೆ ನನ್ನ ಕಾರಿನ ಇಂಜಿನ್ನಿನಿಂದ ಸದ್ದು ಬರಲು ಶುರುವಾಯಿತು. ವೇಗದಲ್ಲಿ ಹೋಗುವಾಗ ಗಾಳಿಯ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತಿತ್ತು. ಹಂಪ್ಸ್ ಬಂದು ಕಾರು ನಿಧಾನವಾಯಿತೋ, ಮತ್ತೆ ಕೇಳುತ್ತಿತ್ತು. ಒಂದು ವಾರ ನಾನು ಕೇಳಿದರೂ ಕೇಳಿಸದವಳಂತೆ ಇದ್ದೆ. ಮನೆಗೆ ಬಂದ ಬೇಡದ ನೆಂಟರನ್ನು ಹೀಗೆಯೇ ಸಾಗಹಾಕುತ್ತಾರೆ. ಆದರೆ ಇದು ಸಾಗುವ ನೆಂಟಸ್ತಿಕೆ ಅಲ್ಲವೆಂದು ಎರಡನೆಯ ವಾರಕ್ಕೆ ಖಾತ್ರಿಯಾಯಿತು.

ಕಾರೆಂದರೆ ದೊಡ್ಡದೇನಲ್ಲ. ಮೂರು ಪ್ಲಗ್ಗಿನ ಇಂಜಿನ್ನಿನ, ಬಿಳಿ ಬಣ್ಣದ ಸಣ್ಣ ಗಾಡಿ. ನಮ್ಮ ಮನೆಯವರು ನೀರಾವರಿ ಕೆಲಸದಲ್ಲಿದ್ದಾಗ ಕಾಲುವೆ ತಿರುಗಾಡಲೆಂದು ಕೊಂಡದ್ದು. ಅವರು ನಿವೃತ್ತರಾದ ಮೇಲೆ ಅದರ ಮೇಲೆ ಹೊದಿಕೆ ಬಿತ್ತು, ಹೊದಿಕೆಯ ಮೇಲೆ ಬೆಕ್ಕು ಮರಿ ಹಾಕಿತು. ನಾನು ಸಂತೆಕಲ್ಲೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವವಳು. ಎರಡು ಕೋಣೆಯ ಶಾಲೆ, ಇಬ್ಬರೇ ಶಿಕ್ಷಕಿಯರು, ಬಾಗಿಲ ಕೀಲಿ ನನ್ನ ಹತ್ತಿರ. ಮಸ್ಕಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಆಟೋ ತುಂಬುವ ತನಕ ಅದು ಹೊರಡುವುದಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಕ್ಕಳು ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿರುತ್ತಿದ್ದರು. ಆಮೇಲೆ ನನ್ನ ಮೊಣಕಾಲುಗಳು ಬಸ್ಸಿನ ಮೆಟ್ಟಿಲನ್ನು ಒಲ್ಲೆ ಎಂದವು. ಆಗ ಬೆಕ್ಕಿನ ಮರಿಗಳನ್ನು ಎತ್ತಿ ಬುಟ್ಟಿಗೆ ಹಾಕಿ, ನಲವತ್ತೆಂಟನೆಯ ವಯಸ್ಸಿಗೆ ಸ್ಟೇರಿಂಗ್ ಹಿಡಿದೆ. ಜವಳಗೇರಾ ಕಡೆಯ ಕಾಲುವೆ ದಂಡೆಯ ಮೇಲೆ ಮನೆಯವರು ಕಲಿಸಿದರು. “ನೀ ನೀರಿಗಿ ಬಿದ್ರ ಬೀಳು, ಗಾಡಿ ಬೀಳಸಬ್ಯಾಡ” ಎಂಬುದು ಅವರ ಮೊದಲ ಪಾಠ. ಗಾಡಿ ನೀರಿಗೆ ಬೀಳಲಿಲ್ಲ. ಶಾಲೆಯ ಬಾಗಿಲು ಅಂದಿನಿಂದ ಪ್ರಾರ್ಥನೆಗೆ ಮೊದಲೇ ತೆರೆಯತೊಡಗಿತು.

ಸದ್ದು ಶುರುವಾದ ತಿಂಗಳಲ್ಲೇ ವರ್ಗಾವಣೆಯ ಅರ್ಜಿ ನಮೂನೆಯೂ ಬಂದಿತ್ತು. ಸಿಂಧನೂರಿನೊಳಗೇ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯಲ್ಲಿ ಜಾಗ ಖಾಲಿಯಿತ್ತು. ಬೇಕೆಂದರೆ ತಿಂಗಳ ಕಡೆಯ ಸೋಮವಾರದೊಳಗೆ ಅರ್ಜಿ ಕೊಡಬೇಕು. ನನಗೆ ಬೇಡವಾಗಿತ್ತು. ಹೋದ ವರ್ಷ ಅಕ್ಷರ ತಿದ್ದಿದ ಮಕ್ಕಳು ಈ ವರ್ಷ ಕೂಡಿಸಿ ಓದಲು ಹತ್ತಿದ್ದರು. ಬಿತ್ತಿದವಳು ರಾಶಿ ಮಾಡುವ ಮೊದಲು ಹೊಲ ಬಿಟ್ಟು ಹೋಗುತ್ತಾಳೆಯೇ? ಆದರೆ ಕಾರಿಲ್ಲದೆ ನನ್ನ ಮೊಣಕಾಲಿನಲ್ಲಿ ಆ ಶಾಲೆ ಮುಟ್ಟುವುದು ಆಗದ ಮಾತು. ಕಾರು ಉಳಿದರೆ ಶಾಲೆ ಉಳಿಯುತ್ತದೆ, ಕಾರು ಹೋದರೆ ಶಾಲೆಯೂ ಹೋಗುತ್ತದೆ. ಲೆಕ್ಕ ಇಷ್ಟೇ.

ಮೊದಲು ಸಿಂಧನೂರಿನಲ್ಲೇ ಒಂದು ಗ್ಯಾರೇಜಿಗೆ ಹೋದೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯ ಮೆಕ್ಯಾನಿಕ್, ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ.

“ಏಮೈತ್ರಿ ಮೇಡಮ್ಮಾರ?” ಎಂದ.

“ಇಂಜಿನ್ನಿನಾಗ ಯಾರೋ ಕುಂತು ಕುಟ್ಟಿದಂಗ ಆಗಾಕತ್ತೈತಪ್ಪ. ಒಳ್ಳಾಗ ಖಾರ ಕುಟ್ಟತಾರಲ್ಲ, ಹಂಗ” ಎಂದೆ.

ಹೋಲಿಕೆ ಚೆನ್ನಾಗಿ ಕೂತಿತೆಂದು ನನಗೆ ಒಳಗೊಳಗೇ ಖುಷಿ. ನಾನು ಬೆಳೆದದ್ದು ಆಯಿಯ ಕೈಯಲ್ಲಿ. ಆಯಿ ಎಂದರೆ ನಮ್ಮ ಅವ್ವನ ಅವ್ವ. ನನ್ನ ಮಾತೆಲ್ಲ ಅವಳ ಅಡುಗೆಮನೆಯಲ್ಲಿ ಕಲಿತದ್ದು. ಹಾಗಾಗಿ ಏನು ಹೇಳಬೇಕಾದರೂ ನನಗೆ ಒರಳು, ಒನಕೆ, ಮೊರ, ಸೇರುಗಳೇ ಮೊದಲು ನೆನಪಾಗುತ್ತವೆ. ಮೆಕ್ಯಾನಿಕ್ ಇನ್ನೂ ಬಾನೆಟ್ ಎತ್ತಿರಲಿಲ್ಲ. ಅಷ್ಟರಲ್ಲೇ ಅವನ ಮುಖ ಸಾವಿನ ಮನೆಗೆ ಬಂದವರ ಮುಖದ ಹಾಗಾಯಿತು.

“ಕುಟ್ಟಾಕತ್ತೈತೇನ್ರಿ? ಹಂಗಂದ್ರ ಮುಗೀತ್ರಿ ಮೇಡಮ್ಮಾರ. ಒಳಗಿನ ಬೇರಿಂಗ್ ಹೋಗ್ಯಾವ. ಇಂಜಿನ್ ಇಳಿಸಿ ಬಿಚ್ಚಬೇಕು.”

ಆಮೇಲೆ ಬಾನೆಟ್ ಎತ್ತಿದ, ಕೇಳಿದ, ತಲೆ ಆಡಿಸಿದ. ಹೇಳಿದ ಮಾತನ್ನು ಕಿವಿಯಿಂದ ಖಾತ್ರಿ ಮಾಡಿಕೊಂಡ ಅಷ್ಟೇ.

ಒಬ್ಬರ ಮಾತು ನಂಬಿ ಇಂಜಿನ್ ಬಿಚ್ಚಿಸಲು ಮನಸ್ಸು ಬರಲಿಲ್ಲ. ಮುಂದಿನ ವಾರ ತರಬೇತಿಗೆಂದು ಲಿಂಗಸುಗೂರಿಗೆ ಹೋದಾಗ ಅಲ್ಲಿ ಇದ್ದುದರಲ್ಲೇ ದೊಡ್ಡ ಗ್ಯಾರೇಜು ಹುಡುಕಿದೆ. ನೆಲಕ್ಕೆ ಟೈಲ್ಸ್, ಕಾರಿಗೆ ಹಚ್ಚಿ ನೋಡುವ ಕಂಪ್ಯೂಟರ್, ಕೂರಲು ಸೋಫಾ. ಅಲ್ಲಿಯ ಹಿರಿಯ ಮೆಕ್ಯಾನಿಕ್ ವೈರು ಹಿಡಿದು ಕಾರಿನ ಸುತ್ತ ಎರಡು ಸಲ ಪ್ರದಕ್ಷಿಣೆ ಹಾಕಿ, “ಇದಕ್ಕ ಕಂಪ್ಯೂಟರ್ ಹಚ್ಚಾಕ ಕಿಂಡೀನ ಇಲ್ಲಲ್ರಿ ಅಕ್ಕಾರ” ಎಂದ.

“ಇದು ಹುಟ್ಟಿದಾಗ ಕಂಪ್ಯೂಟರ್ ನಮ್ಮ ಕಡಿ ಬಂದಿದ್ದಿಲ್ರಿ. ಕಿವೀಲೆ ಕೇಳ್ರಿ.”

“ಏನ್ ತ್ರಾಸೈತಿ?”

“ಸಿಂಧನೂರಾಗ ಕುಟ್ಟಾಕತ್ತೈತಿ ಅಂದಾರ್ರಿ” ಎಂದೆ.

ನನ್ನ ಮಾತನ್ನೇ ಸಿಂಧನೂರಿನವನ ಬಾಯಿಗೆ ಹಾಕಿ ಲಿಂಗಸುಗೂರಿಗೆ ತಂದಿದ್ದೆ ಎಂಬುದು ಆಗ ಹೊಳೆಯಲಿಲ್ಲ. ಅವನು ಒಂದು ನಿಮಿಷ ಕೇಳಿ, “ಹೌದ್ರಿ, ಕುಟ್ಟಾಕತ್ತೈತಿ ನೋಡ್ರಿ” ಎಂದ. ಹಳೆಯ ಇಂಜಿನ್ ಬಿಚ್ಚಿದರೆ ಒಂದಕ್ಕೊಂದು ಬೆಳೆಯುತ್ತ ಹೋಗುತ್ತದೆ, ಕೂಡಿಸಲು ಸಾಮಾನು ಸಿಗುವುದಿಲ್ಲ ಎಂದೂ ಹೇಳಿದ. “ಇಂಜಿನ್ ಪೂರಾ ಬಂದ್ ಬೀಳೂಕಿಂತ ಮೊದ್ಲ ಗುಜರಿಗೆ ಹಾಕಿಬಿಡ್ರಿ. ನಡ್ಯಾಕತ್ತಿದ್ದಾಗ ಕಳಿಸಿದ್ರ ಮರ್ಯಾದಿ.”

ನಮ್ಮ ಮನೆಯವರಿಗೆ ಅಷ್ಟು ಸಾಕಾಯಿತು. “ಇಬ್ರು ಡಾಕ್ಟ್ರು ಒಂದ ಮಾತು ಹೇಳ್ಯಾರ. ಇನ್ನೇನು ಕಾಶಿಗಿ ಒಯ್ತಿಯೇನು? ಅರ್ಜಿ ತುಂಬಿ ಕೊಡು. ನಿನ್ನ ಕಾಲೂ ಉಳೀತಾವ, ನನ್ನ ಜೀಂವಾನೂ ಉಳೀತೈತಿ” ಎಂದರು. ಅವರ ಮಾತಿನಲ್ಲಿ ಕಕ್ಕುಲಾತಿಯೇ ಇತ್ತು. ದಾರಿಯಲ್ಲಿ ಇಂಜಿನ್ ಕೂತು ನಾನೊಬ್ಬಳೇ ನಿಂತರೆ ಏನು ಗತಿ ಎಂಬ ಚಿಂತೆ ಅವರಿಗೆ. ಊರ ಹೊರಗೆ ಹಳೆಯ ಗಾಡಿ ಬಿಚ್ಚಿ ಮಾರುವ ಗುಜರಿಯವನೊಬ್ಬನಿದ್ದ. ಅವನಿಗೆ ಮಾತು ಕೊಟ್ಟು ಬಂದರು: ಭಾನುವಾರ ಬಂದು ಗಾಡಿ ಒಯ್ಯಬೇಕು. ನಮ್ಮ ಮನೆಯಲ್ಲಿ ಮಾತು ಕೊಟ್ಟ ಮೇಲೆ ತಿರುಗಿಸುವ ರೂಢಿ ಇಲ್ಲ.

ಶನಿವಾರ ಅರ್ಧ ದಿನದ ಶಾಲೆ. ಮಕ್ಕಳನ್ನು ಕಳಿಸಿ, ಬೀಗ ಹಾಕಿ, ಮಧ್ಯಾಹ್ನದ ಹೊತ್ತಿಗೆ ಮಸ್ಕಿಗೆ ಬಂದೆ. ಗುಡ್ಡದ ಕೆಳಗೆ, ರಸ್ತೆಯ ಪಕ್ಕ, ಹಂಪ್ಸಿಗೆ ಹತ್ತಿಕೊಂಡೇ ಒಂದು ತಗಡಿನ ಷೆಡ್ಡು. ಅಲ್ಲೊಬ್ಬ ವಯಸ್ಸಾದ ಉಸ್ತಾದರು ಪಂಪ್‌ಸೆಟ್ಟು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ. ದಿನಾ ಎರಡು ಸಲ ಅವರ ಮುಂದೆಯೇ ಹಾದು ಹೋಗುತ್ತಿದ್ದೆನಾದರೂ ಕಾರಿನ ಕೆಲಸಕ್ಕೆ ಅಲ್ಲಿ ಹೋಗಬೇಕೆಂದು ಎಂದೂ ಅನ್ನಿಸಿರಲಿಲ್ಲ. ಅಂದು ಹಂಪ್ಸ್ ಹತ್ತಿರ ಕಾರು ನಿಧಾನ ಮಾಡಿದ್ದೇ, ಅವರು ಕೈಯಲ್ಲಿ ಬೋಲ್ಟು ಬಿಗಿಯುವ ಪಾನಾ ಹಿಡಿದೇ ರಸ್ತೆಗೆ ಬಂದು ಅಡ್ಡ ನಿಂತರು.

“ಅಕ್ಕಾರ! ಇಪ್ಪತ್ತು ದಿನ ಆತು, ಮುಂಜಾನಿ ಒಮ್ಮಿ, ಸಂಜಿಮುಂದ ಒಮ್ಮಿ ಈ ಸಪ್ಪಳ ಕೇಳಿಸ್ಕೊಂತ ಹೊಕ್ಕೀರಿ. ಇವತ್ತು ನಿಲ್ಲಸ್ತೀರಿ, ನಾಳೆ ನಿಲ್ಲಸ್ತೀರಿ ಅಂತ ನಾನೂ ನೋಡಾಕತ್ತೀನಿ. ನನಗ ರೊಟ್ಟಿ ಸೇರವಲ್ದು. ಒಳಗ ತಗೊಂಬರ್ರಿ.”

“ನಾಳಿಗಿ ಗುಜರಿಗಿ ಹೊಂಟೈತ್ರಿ ಉಸ್ತಾದರ. ಇದು ಕುಟ್ಟಾಕ...”

“ಬಸ್!” ಎಂದು ಪಾನಾ ಎತ್ತಿದರು. “ನೀವು ಹೇಳಬ್ಯಾಡ್ರಿ.”

ಮೂವತ್ತು ವರ್ಷ ಮಕ್ಕಳಿಗೆ ಬಾಯಿ ಮುಚ್ಚಿರೆಂದು ಹೇಳಿದವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ನಾನು ಮುಖ ಬಿಗಿದದ್ದು ನೋಡಿ ಅವರು ನಕ್ಕರು. “ಸಿಟ್ಟಾಗಬ್ಯಾಡ್ರಿ. ನೀವು ಸಾಲಿ ಕಲಸಾವ್ರು, ಮಾತು ಭಾಳ ಚಲೋ ಹೇಳ್ತೀರಿ. ನೀವು ಹೇಳಿದ್ರ ನನಗ ಅದ ಕೇಳತೈತಿ, ಗಾಡಿ ಹೇಳೂದು ಕೇಳೂದಿಲ್ಲ. ಮೊದ್ಲ ಅದು ಮಾತಾಡ್ಲಿ. ಆಮ್ಯಾಲೆ ನೀವು.”

ಇಂಜಿನ್ ಚಾಲೂ ಇಟ್ಟು, ಬಾನೆಟ್ ಎತ್ತಿ, ಅವರು ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡರು. ಅದರ ಮೊನೆಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿದರು. ಮೇಲೆ, ಪಕ್ಕಕ್ಕೆ, ಕೆಳಗೆ, ಮತ್ತೆ ಮುಂದೆ. ಡಾಕ್ಟರು ಬೆನ್ನಿನ ಮೇಲೆ ಕೊಳವೆ ಸರಿಸಿದ ಹಾಗೆ. ಆಮೇಲೆ ಅರಿವೆಯಿಂದ ಹಿಡಿದು ಒಂದು ಪ್ಲಗ್ಗಿನ ವೈರು ಕಿತ್ತರು. ಇಂಜಿನ್ ಕುಂಟಿತು. ಸದ್ದು ಹಾಗೆಯೇ ಇತ್ತು. ಅದನ್ನು ಹಾಕಿ ಎರಡನೆಯದು ಕಿತ್ತರು, ಅದನ್ನು ಹಾಕಿ ಮೂರನೆಯದು. ಪ್ರತಿ ಸಲ ಇಂಜಿನ್ ಕುಂಟಿತೇ ಹೊರತು ಸದ್ದು ಕಡಿಮೆಯಾಗಲಿಲ್ಲ.

“ನೋಡಿದ್ರಿಲ್ಲ?” ಎಂದರು. “ವಾಯರ್ ಕಿತ್ರ ಅಲ್ಲಿ ಬೆಂಕಿ ಹತ್ತೂದಿಲ್ಲ, ಕೆಳಗಿನ ಬೇರಿಂಗಿಗಿ ಜೋರು ಬೀಳೂದಿಲ್ಲ. ಬೇರಿಂಗ್ ಹೋಗಿತ್ತಂದ್ರ ಮೂರರಾಗ ಒಂದಕ್ಕರ ಸಪ್ಪಳ ಸಾಯಬೇಕಿತ್ತು. ಸತ್ತಿಲ್ಲ. ಈಗ ನೀವು ಹೇಳ್ರಿ, ಏನನ್ನಾಕತ್ತೈತಿ?”

“ಕುಟ್ಟಾಕತ್ತೈತ್ರಿ” ಎಂದೆ. ಇಷ್ಟು ದಿನ ಹೇಳಿದ್ದನ್ನು ಬಿಟ್ಟುಕೊಡುವುದು ಹೇಗೆ?

“ನೀವು ಎಂದರ ಒನಕಿ ಹಿಡಿದೀರೇನು?”

“ಹಿಡಿದೀನ್ರಿ. ನಮ್ಮ ಆಯಿ ಕೈಯಾಗ ಬೆಳದಾಕಿ ನಾನು.”

“ಹಂಗಾರ ನನಗಿಂತ ನಿಮಗ ಚಲೋ ಗೊತ್ತಿರಬೇಕು. ಒನಕಿ ಮ್ಯಾಲೆ ಹೊಕ್ಕೈತಿ, ಕೆಳಗ ಬೀಳತೈತಿ. ನಡುವ ಕುಟ್ಟಾಕಿ ಉಸರು ತಗೋತಾಳ. ಈ ಸಪ್ಪಳದಾಗ ಉಸರೈತೇನು? ಗಾಡಿ ನೋಡಬ್ಯಾಡ್ರಿ. ಕಣ್ ಮುಚ್ಚಿ ಕೇಳ್ರಿ.”

ಕಣ್ಣು ಮುಚ್ಚಿದೆ. ರಸ್ತೆಯಲ್ಲಿ ಲಾರಿಯೊಂದು ಹಾದು ಹೋಗುವವರೆಗೆ ಏನೂ ತಿಳಿಯಲಿಲ್ಲ. ಅದು ದೂರವಾದ ಮೇಲೆ ಆ ಸದ್ದು ಮೊದಲ ಸಲ ನನ್ನ ಹೋಲಿಕೆಯ ಸೆರಗು ಬಿಟ್ಟು ಬರಿದೇ ಬಂತು. ಉಸಿರು ಇರಲಿಲ್ಲ. ಎತ್ತುವುದೂ ಇಲ್ಲ, ಬೀಳುವುದೂ ಇಲ್ಲ. ಒಂದು ಸಲ ಹತ್ತಿರ ಹತ್ತಿರ ಎರಡು, ಆಮೇಲೆ ಒಂದು, ಮತ್ತೆ ಎರಡು. ಗುರಿಯಿಟ್ಟು ಬೀಳುವ ಏಟಲ್ಲ. ಜಾಗ ಸಾಲದೆಯೋ ಜಾಗ ಹೆಚ್ಚಾಗಿಯೋ ಹೊರಳಾಡುವ ಯಾವುದೋ ವಸ್ತು.

ನನಗೆ ನಾಚಿಕೆಯಾಯಿತು. ಆಯಿ ನನ್ನನ್ನು ಬೈದದ್ದು ಇದಕ್ಕೇ ಅಲ್ಲವೇ? ಸಣ್ಣವಳಿದ್ದಾಗ ನಾನು ಎಲ್ಲದಕ್ಕೂ ಒಂದೇ ಮಾತು ಹಚ್ಚುತ್ತಿದ್ದೆ. ಬಾಗಿಲು ಬಡಿದರು, ರೊಟ್ಟಿ ಬಡಿದರು, ಖಾರ ಬಡಿದರು. ಆಯಿಗೆ ಸಿಟ್ಟು ಬರುತ್ತಿತ್ತು. “ಏ ಹುಚ್ಚಿ, ಬಾಗ್ಲಾ ತಟ್ಟತಾರ, ಖಾರ ಕುಟ್ಟತಾರ, ರೊಟ್ಟಿ ಬಡೀತಾರ, ಅರಿವಿ ಒಗೀತಾರ, ಗೂಟ ಜಡೀತಾರ. ಎಲ್ಲಾಕ ಒಂದ ಮಾತು ಆಡಾಕಿ ಎಲ್ಲಾಕ ಒಂದ ಉಪ್ಪು ಹಾಕ್ತಾಳ” ಎನ್ನುತ್ತಿದ್ದಳು. ಅಷ್ಟೆಲ್ಲ ಕಲಿತವಳು, ಒಂದು ಚೆಂದದ ಹೋಲಿಕೆ ಸಿಕ್ಕಿತೆಂದು ಅದಕ್ಕೇ ಜೋತುಬಿದ್ದು, ಎರಡು ಊರಿನ ಮೆಕ್ಯಾನಿಕ್‌ಗಳ ಕಿವಿಗೆ ನಾನೇ ಹತ್ತಿ ಇಟ್ಟಿದ್ದೆ. ತಪ್ಪು ಅವರದಲ್ಲ. ಈ ಕಸುಬಿನವರ ನಡುವೆ ‘ಕುಟ್ಟುವುದು’ ಎಂದರೆ ಒಂದೇ ಅರ್ಥ, ಒಳಗಿನ ಬೇರಿಂಗ್ ಸತ್ತಿದೆ ಎಂದು.

“ಉಸರಿಲ್ರಿ” ಎಂದು ಕಣ್ಣು ತೆರೆದೆ. “ಲೊಡಬಡ ಅನ್ನಾಕತ್ತೈತಿ. ಬೀಸುಕಲ್ಲಿನ ನಡುವಿನ ಗೂಟ ಸಡ್ಲಾದ್ರ ಮ್ಯಾಲಿನ ಕಲ್ಲು ಹಂಗ ಒದ್ದಾಡತೈತಿ.”

“ಹಾಂ!” ಎಂದು ಉಸ್ತಾದರು ತೊಡೆ ತಟ್ಟಿಕೊಂಡರು. “ಈಗ ಬ್ಯಾನಿ ಹೆಸರು ಹೇಳಿದ್ರಿ ನೋಡ್ರಿ. ಬಂದ್ ಮಾಡ್ರಿ ಗಾಡಿ.”

ಇಂಜಿನ್ ನಿಲ್ಲಿಸಿದೆ. ಸ್ಕ್ರೂಡ್ರೈವರಿಗೆ ಸದ್ದು ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಮುಂಭಾಗದಲ್ಲಿ, ಬೆಲ್ಟಿನ ಹತ್ತಿರ ಎಂದು ಅವರಿಗೆ ಆಗಲೇ ಗೊತ್ತಿತ್ತು. ಬೆಲ್ಟು ಬಿಚ್ಚಿ ತೆಗೆದರು. ಅದರ ಹಿಂದೆ, ಕೆಳಗಡೆ, ಇಂಜಿನ್ನಿನ ಮುಖ್ಯ ದಂಡಕ್ಕೆ ಸಿಕ್ಕಿಸಿದ ಕಬ್ಬಿಣದ ಗಾಲಿಯೊಂದಿತ್ತು. ಆ ಪುಲ್ಲಿಯೇ ಬೆಲ್ಟನ್ನು ತಿರುಗಿಸುವುದು. ಉಸ್ತಾದರು ಅದನ್ನು ಎರಡು ಕೈಯಲ್ಲಿ ಹಿಡಿದು ಆಚೀಚೆ ಅಲುಗಿಸಿದರು. ‘ಟಕ್’ ಎಂದಿತು.

“ಕೈ ಕೊಡ್ರಿ ಇಲ್ಲಿ.”

ಬಳೆ ಹಿಂದೆ ಸರಿಸಿ ನಾನೂ ಹಿಡಿದೆ. ಅಲುಗಿಸಿದೆ. ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು. ಇಷ್ಟು ದಿನ ನನ್ನನ್ನು ಶಾಲೆಯಿಂದ ಕೀಳಲು ನೋಡಿದ್ದು ಇದೇನಾ ಎಂದು ನಗು ಬಂತು.

“ಬೋಲ್ಟು ಸಡ್ಲಾಗೈತಿ. ಸಡ್ಲಾಗಿ ತಿರಗಿ ತಿರಗಿ ಪುಲ್ಲೀದು ಘಾಟು, ಅಂದ್ರ ದಂಡಕ್ಕ ಕಚ್ಚಿ ಕೂಡೂ ಸಂದು, ಸವದೈತಿ. ಇಂಜಿನ್ ಕಲ್ಲಿನಂಗ ಗಟ್ಟಿ ಐತ್ರಿ ಅಕ್ಕಾರ. ಇದನ್ಯಾಕ ಗುಜರಿಗಿ ಹಾಕ್ತೀರಿ?” ಎಂದರು ಉಸ್ತಾದರು. ಹಾಲಿನ ಪುಡಿಯ ಡಬ್ಬಿಯಿಂದ ತಗಡಿನ ಚೂರು ಕತ್ತರಿಸಿ, ಮಡಿಸಿ, ಸವೆದ ಸಂದಿನಲ್ಲಿ ತುರುಕಿ ಬೋಲ್ಟು ಬಿಗಿದರು. “ಇದು ಎರಡು ದಿನ ತಡೀತೈತಿ. ನಿಧಾನ ಹೋಗ್ರಿ. ಬ್ಯಾರೆ ಪುಲ್ಲಿ ಬೇಕು. ಇದರದು ಹೊಸದು ಎಲ್ಲೂ ಸಿಗೂದಿಲ್ಲ. ಗುಜರ್ಯಾಗ ಹುಡಕ್ರಿ.”

“ಗುಜರೀನ ನಾಳಿಗಿ ನಮ್ಮ ಮನಿಗಿ ಬರತೈತ್ರಿ” ಎಂದೆ.

ಮನೆಗೆ ಹೋಗಿ ಹೇಳಿದರೆ ನಮ್ಮ ಮನೆಯವರು ಪುಲ್ಲಿಯ ಕತೆಯನ್ನೆಲ್ಲ ಗಮನವಿಟ್ಟು ಕೇಳಿದರು. ಕೇಳಿ, “ಖರೆ ಇರಬಹುದು. ಆದ್ರ ನಾ ಮಾತು ಕೊಟ್ಟೀನಲ್ಲ” ಎಂದರು.

“ಏನಂತ ಕೊಟ್ಟೀರಿ? ಆಡಿದಂಗ ಹೇಳ್ರಿ.”

“ಇಂಜಿನ್ ಹೋದ ಗಾಡಿ ಐತಿ, ಐತವಾರ ಬಂದು ಒಯ್ಯಿ ಅಂದೀನಿ.”

“ನಮ್ಮ ಮನ್ಯಾಗ ಇಂಜಿನ್ ಹೋದ ಗಾಡಿ ಎಲ್ಲೈತ್ರಿ? ಇರೂದು ಒಂದ. ಅದರ ಇಂಜಿನ್ ಹೋಗಿಲ್ಲ. ಅಂದಮ್ಯಾಲೆ ನೀವು ಕೊಟ್ಟ ಮಾತಿನಾಗ ಇದು ಬರೂದಿಲ್ಲ.”

“ನಿಮ್ಮ ಆಯಿ ವಕೀಲಕಿ ಮಾಡಿದ್ಲೇನು?” ಎಂದರು. ಆದರೂ ಗುಜರಿಯವನ ಎದುರು ತಾವು ಬಾಯಿ ಬಿಡುವುದಿಲ್ಲ, ಬೇಕಾದರೆ ನಾನೇ ಹೇಳಿಕೊಳ್ಳಬೇಕು ಎಂದು ಕೈತೊಳೆದುಕೊಂಡರು.

ಭಾನುವಾರ ಹತ್ತು ಗಂಟೆಗೆ ಗುಜರಿಯವನು ಬಂದ. ಎಳೆದೊಯ್ಯಲು ಹಗ್ಗ, ಹಿಂದೆ ಒಂದು ಗೂಡ್ಸ್ ಗಾಡಿ, ಬಾಯಲ್ಲಿ ಎಲೆ ಅಡಿಕೆ. ನಮ್ಮ ಮನೆಯವರು ತೆಂಗಿನ ಗಿಡಕ್ಕೆ ಆಗಲೇ ಎರಡು ಸಲ ಬಿಟ್ಟ ನೀರನ್ನು ಮೂರನೆಯ ಸಲ ಬಿಡಲು ಹೋದರು. ನಾನು ಕಾರಿನ ಕೀಲಿಯನ್ನು ಅವನ ಕೈಗೇ ಕೊಟ್ಟೆ.

“ಒಯ್ಯೂಕಿಂತ ಮೊದ್ಲ ಒಮ್ಮೆ ಚಾಲೂ ಮಾಡಿ ಕೇಳ್ರಿ ಅಣ್ಣಾರ” ಎಂದೆ. ಅದು ಹೇಗಿದೆ ಎಂದು ಈ ಸಲ ಒಂದು ಅಕ್ಷರವನ್ನೂ ಹೇಳಲಿಲ್ಲ.

ಅವನು ಕೂತು ಚಾಲೂ ಮಾಡಿದ. ಎಲೆ ಅಡಿಕೆ ಅಗಿಯುವುದು ನಿಂತಿತು. ಆಕ್ಸಿಲರೇಟರ್ ಒತ್ತಿದ, ಬಿಟ್ಟ, ಇಳಿದು ಬಾನೆಟ್ಟಿಗೆ ಕಿವಿ ಕೊಟ್ಟ. ನನ್ನ ಎದೆಯೊಳಗೆ ಮಾತ್ರ ಆಗ ನಿಜವಾಗಿ ಯಾರೋ ಕುಟ್ಟುತ್ತಿದ್ದರು. ಅವನು ತೆಂಗಿನ ಗಿಡದ ಕಡೆ ತಿರುಗಿ ಕೂಗಿದ, “ಯಜಮಾನ್ರ! ಏನ್ ಚ್ಯಾಷ್ಟಿ ಮಾಡಾಕತ್ತೀರೇನ್ರಿ? ಇದರ ಇಂಜಿನ್ ಎಲ್ಲಿ ಹೋಗೈತಿ? ಇಲ್ಲೇ ಐತಲ್ಲ! ನಾ ಸತ್ತದ್ದು ಒಯ್ಯಾಂವ, ಜೀಂವ ಇದ್ದದ್ದು ಒಯ್ಯಾಂವ ಅಲ್ಲ.”

ನಮ್ಮ ಮನೆಯವರು ಪೈಪು ಕೆಳಗಿಟ್ಟರು. ಹತ್ತು ವರ್ಷದ ಭಾರ ಇಳಿದ ಹಾಗೆ ಅವರ ಮುಖ ಹಗುರಾಯಿತು. ಕೊಟ್ಟ ಮಾತನ್ನು ಪಡೆದವನೇ ವಾಪಸು ಕೊಟ್ಟಿದ್ದ.

“ಮತ್ತ ನಾ ಸುಮ್ನ ಬಂದು ಹೋದೆನಲ್ರಿ ಅಕ್ಕಾರ?” ಎಂದು ಅವನು ಹಗ್ಗ ಸುತ್ತತೊಡಗಿದ.

“ಸುಮ್ನ ಯಾಕ ಹೊಕ್ಕೀರಿ? ರೊಟ್ಟಿ, ಪುಂಡಿಪಲ್ಯ ಆಗ್ಯಾವ, ಉಂಡು ಹೋಗ್ರಿ. ಹಂಗ ಇಂಥಾದ್ದ ಗಾಡೀದೊಂದು ಪುಲ್ಲಿ ನಿಮ್ಮಲ್ಲಿ ಐತೇನು ನೋಡ್ರಿ.”

“ಇಂಥವು ನಾಕು ಬಿದ್ದಾವ. ನಾಕೂ ಸತ್ತಾವ, ಆದ್ರ ಪುಲ್ಲಿ ಚಲೋ ಅದಾವ.”

ಊಟವಾದ ಮೇಲೆ ನಮ್ಮ ಮನೆಯವರೇ ಅವನ ಗಾಡಿಯಲ್ಲಿ ಕೂತು ಹೋದರು. ಇಸ್ತ್ರಿ ಅಂಗಿಯಲ್ಲಿ ಹೋದವರು ಮೊಣಕೈವರೆಗೆ ಕರಿ ಮೆತ್ತಿಕೊಂಡು ಬಂದರು. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಪುಲ್ಲಿ. “ನಾಕರಾಗೂ ಕೈ ಹಾಕಿ ಅಲುಗಿಸಿ ನೋಡಿದೆ. ಇದರ ಘಾಟು ಸವದಿಲ್ಲ” ಎಂದು ಹೇಳುವಾಗ, ಈ ವಿದ್ಯೆಯಲ್ಲಿ ತಮಗೆ ಮೂವತ್ತು ವರ್ಷದ ಅನುಭವ ಇದ್ದ ಹಾಗೆ ಹೇಳಿದರು.

ಉಸ್ತಾದರ ಷೆಡ್ಡಿಗೆ ರಜೆ ಶುಕ್ರವಾರ, ಭಾನುವಾರವಲ್ಲ. ಅಂದೇ ಮಧ್ಯಾಹ್ನ ಇಬ್ಬರೂ ಮಸ್ಕಿಗೆ ಹೋದೆವು. ನಾನು ನಿಧಾನವಾಗಿ ಕಾರು ಓಡಿಸಿದೆ, ಅವರು ಪುಲ್ಲಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಉಸ್ತಾದರು ಹಳೆಯದನ್ನು ತೆಗೆದು, ದಂಡವನ್ನು ಬೆರಳಿನಿಂದ ಸವರಿ ನೋಡಿ, ತಂದದ್ದನ್ನು ಕೂರಿಸಿ, ಪಾನಾಕ್ಕೆ ಒಂದು ಉದ್ದ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಬೋಲ್ಟು ಬಿಗಿದರು. ಬೆಲ್ಟು ಹಾಕಿದರು. ಚಾಲೂ ಮಾಡಿದೆ.

ನಮ್ಮ ಮನೆಯವರು ಬಾನೆಟ್ಟಿನ ಮೇಲೆ ಬಗ್ಗಿ ಕಿವಿ ಕೊಟ್ಟರು. ಆ ಕಡೆ ಕೇಳಿದರು, ಈ ಕಡೆ ಕೇಳಿದರು.

“ಏನೂ ಕೇಳಿಸವಲ್ದು” ಎಂದರು, ಅನುಮಾನದಿಂದ.

“ಕೇಳಿಸಬಾರ್ದ್ರಿ ಯಜಮಾನ್ರ” ಎಂದರು ಉಸ್ತಾದರು.

ಹೊಸ ಸದ್ದು ಬಂದರೆ ಅದಕ್ಕೆ ಹೆಸರಿಡದೆ ಮೊದಲು ತಮ್ಮ ಹತ್ತಿರ ತರಬೇಕೆಂದು ಅವರು ನನಗೆ ತಾಕೀತು ಮಾಡಿದರು. ನಾನು ಒಪ್ಪಿಕೊಂಡೆ.

ಸಿಂಧನೂರಿನ ದಾರಿ ಹಿಡಿದೆವು. ಪ್ರತಿ ಹಂಪ್ಸಿನಲ್ಲೂ ನಮ್ಮ ಮನೆಯವರು ತಲೆ ಓರೆ ಮಾಡಿ ಕೇಳುತ್ತಿದ್ದರು. ಊರು ಹತ್ತಿರ ಬಂದು ಗದ್ದೆಯ ಹಸಿರು ಕಂಡಾಗ ನನ್ನ ಕಡೆ ತಿರುಗಿದರು.

“ನಾಳಿಗಿ ಕಡೀ ದಿನ ಅಲ್ಲೇನು, ಅರ್ಜೀದು?”

“ಹೌದು.”

“ಎಷ್ಟಕ್ಕ ಎಬ್ಬಸ್ಲಿ?”

“ಅರ್ಜಿ ಕೊಡಾಕ ಹತ್ತಕ್ಕ ಹೋದ್ರೂ ನಡೀತೈತ್ರಿ.”

“ಅರ್ಜಿಗಿ ಯಾರು ಕೇಳಿದ್ರ?” ಎಂದರು. “ಸಾಲಿ ಕೀಲಿ ತಗ್ಯಾಕ.”

“ಐದೂವರಿಗಿ” ಎಂದೆ.